ಎಡಹುಬ್ಬಿನ ಗೆರೆ

ನಮ್ಮ ಬೀದಿಯಲ್ಲಿ ನನಗೆ ‘ಇಸ್ತ್ರಿ ಮಾಮ’ ಅಂತ ಅಡ್ಡಹೆಸರು. ನಾನು ಬಟ್ಟೆಗೆ ಇಸ್ತ್ರಿ ಹಾಕುವವನಲ್ಲ, ಫೋಟೋ ಸ್ಟುಡಿಯೋ ಇಟ್ಟುಕೊಂಡವನು. ಮೂವತ್ತೆರಡು ವರ್ಷದಿಂದ ಜನರ ಮುಖಕ್ಕೆ ಇಸ್ತ್ರಿ ಹಾಕುತ್ತಾ ಬಂದಿದ್ದೇನೆ, ಅಷ್ಟೇ. ಕಣ್ಣ ಕೆಳಗಿನ ಕಪ್ಪು, ಮೊಡವೆಯ ಕಲೆ, ಹಣೆಯ ಸುಕ್ಕು, ಯಾವುದೂ ನನ್ನ ಕೈಗೆ ಸಿಕ್ಕರೆ ಉಳಿಯುವುದಿಲ್ಲ. ಮೊದಲೆಲ್ಲ ನೆಗೆಟಿವ್ ಮೇಲೆ ಚೂಪು ಪೆನ್ಸಿಲ್ ಹಿಡಿದು ಮಾಡುತ್ತಿದ್ದೆ, ಈಗ ಕಂಪ್ಯೂಟರಿನಲ್ಲಿ ಮೌಸ್ ಹಿಡಿದು. ಗಿರಾಕಿ "ಮಾಮ, ಈ ಮಚ್ಚೆ ಸ್ವಲ್ಪ..." ಅಂತ ಬಾಯಿ ತೆರೆಯುವಷ್ಟರಲ್ಲಿ ಮಚ್ಚೆ ಹೋಗಿರುತ್ತದೆ. ಜಂಭ ಕೊಚ್ಚಿಕೊಳ್ಳಲು ಇದನ್ನು ಹೇಳುತ್ತಿಲ್ಲ. ಈ ಜಂಭವೇ ನನ್ನ ಮನೆಯ ನೆಮ್ಮದಿ ಕೆಡಿಸಿತು, ಅದಕ್ಕೇ ಮೊದಲೇ ಒಪ್ಪಿಕೊಂಡುಬಿಡುತ್ತಿದ್ದೇನೆ.

ಆ ಸೋಮವಾರ ಬೆಳಿಗ್ಗೆ ಆಗಷ್ಟೇ ಶಟರ್ ಎತ್ತಿದ್ದೆವು. ಇವಳು ಕೌಂಟರಿನಲ್ಲಿ ಕೂತು ಹಿಂದಿನ ದಿನದ ಪಾಸ್‌ಪೋರ್ಟ್ ಸೈಜಿನ ಫೋಟೋಗಳನ್ನು ಕತ್ತರಿಸುತ್ತಿದ್ದಳು. ಇವಳು ಅಂದರೆ ನನ್ನ ಹೆಂಡತಿ. ಸ್ಟುಡಿಯೋದ ಮುಂದಿನ ಅರ್ಧ ಇವಳದು, ಹಿಂದಿನ ಅರ್ಧ ನನ್ನದು, ನಡುವೆ ಒಂದು ಕಪ್ಪು ಪರದೆ. ಫೋನ್ ಬಂತು. ಮಾತಾಡುತ್ತಿದ್ದವರು ನನ್ನ ಷಡ್ಡಕರು, ಅಂದರೆ ವಿದೇಶದಲ್ಲಿರುವ ಇವಳ ಅಕ್ಕನ ಗಂಡ. ಪರದೆಯ ಈಚೆಗೆ ನನಗೆ ಇವಳ ಮಾತಷ್ಟೇ ಕೇಳಿಸುತ್ತಿತ್ತು.

"ಹೂಂ ಭಾವ... ಹೂಂ... ಈ ಶುಕ್ರವಾರಾನೇ?... ಮಾತೂ ಹೋಗ್ಬಹುದಾ?"

ಕತ್ತರಿಸುವ ಸದ್ದು ನಿಂತುಹೋಯಿತು. ನಾನು ಪರದೆ ಸರಿಸಿ ಬಂದಾಗ ಫೋನ್ ಇವಳ ಮಡಿಲಲ್ಲಿತ್ತು, ಕಣ್ಣು ಬಾಗಿಲ ಕಡೆಗಿತ್ತು.

"ಅಕ್ಕನ ತಲೆಯಲ್ಲಿ ಗಡ್ಡೆಯಂತೆ ರೀ. ಶುಕ್ರವಾರ ಬೆಳಿಗ್ಗೆ ಆಪರೇಷನ್. ಜೀವಕ್ಕೇನೂ ತೊಂದರೆ ಇಲ್ಲ ಅಂತಾರಂತೆ. ಆದ್ರೆ ಆಮೇಲೆ ಮಾತು ಬರುತ್ತೋ ಇಲ್ವೋ, ಯಾರ ಗುರುತಾದ್ರೂ ಸಿಗುತ್ತೋ ಇಲ್ವೋ, ಡಾಕ್ಟರು ಏನೂ ಹೇಳೋಕಾಗಲ್ಲ ಅಂದ್ರಂತೆ. ಮಾತಾಡೋರು ಯಾರಾದ್ರೂ ಇದ್ರೆ ಅದಕ್ಕೆ ಮುಂಚೆ ಬಂದು ಮಾತಾಡ್ಲಿ ಅಂದ್ರಂತೆ."

"ವಿಡಿಯೋ ಕಾಲ್ ಮಾಡೋಣ ಇರು, ಈಗ್ಲೇ..."

"ಕಣ್ಣು ಕಾಣಲ್ವಂತೆ ರೀ. ಹತ್ತು ದಿನದಿಂದ ಬರೀ ಮಂಜು ಮಂಜು. ಭಾವ ಕೇಳಿದ್ರಂತೆ, ತಂಗಿ ಜೊತೆ ಫೋನಲ್ಲಿ ಮಾತಾಡ್ತೀಯಾ ಅಂತ. ಬರೀ ಧ್ವನಿ ಸಾಕಾಗಲ್ಲ, ಅವಳು ನನ್ನ ಕೈಗೆ ಸಿಗಬೇಕು ಅಂದ್ಲಂತೆ."

ಈ ಅಕ್ಕನ ವಿಷಯ ಹೇಳದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಇವಳ ತಾಯಿ ಗಿರಣಿಯಲ್ಲಿ ಪಾಳಿಯ ಮೇಲೆ ದುಡಿಯುತ್ತಿದ್ದರು. ಮನೆಯಲ್ಲಿ ಇವಳಿಗೆ ತಲೆ ಬಾಚಿದ್ದು, ಉಣ್ಣಿಸಿದ್ದು, ಮಗ್ಗಿ ಹೇಳಿಕೊಟ್ಟದ್ದು ಎಲ್ಲ ಐದು ವರ್ಷ ದೊಡ್ಡವಳಾದ ಅಕ್ಕ. ಇವಳಿಗೆ ಆರು ವರ್ಷವಿದ್ದಾಗ ಶಾಲೆಯ ಮೈದಾನದಲ್ಲಿ ಅಕ್ಕ ಉಯ್ಯಾಲೆ ಜೋರಾಗಿ ತೂಗಿದಳು, ಇವಳು ಜಾರಿ ಬಿದ್ದಳು, ವಾಪಸು ಬಂದ ಕಬ್ಬಿಣದ ಮಣೆ ಎಡಹುಬ್ಬಿಗೆ ಬಡಿಯಿತು. ಹನ್ನೊಂದು ವರ್ಷದ ಹುಡುಗಿ ತನ್ನ ಲಂಗದ ಅಂಚು ಹರಿದು ಕಟ್ಟಿ, ತಂಗಿಯನ್ನು ಸೊಂಟಕ್ಕೆ ಹಾಕಿಕೊಂಡು ಆಸ್ಪತ್ರೆಗೆ ಓಡಿದಳಂತೆ. ಗಾಯ ಮಾಗಿತು, ಗೆರೆ ಉಳಿಯಿತು. ಅಂದಿನಿಂದ ಅಕ್ಕನಿಗೆ ಒಂದು ಅಭ್ಯಾಸ. ಎಷ್ಟು ದಿನದ ಮೇಲೆ ಸಿಕ್ಕರೂ ಮೊದಲು ಹೆಬ್ಬೆರಳಿನಿಂದ ಇವಳ ಹುಬ್ಬು ಸವರುವುದು, "ಇದೆಯೇನೇ?" ಅಂತ ಕೇಳುವುದು. ಇವಳು "ಇದೆ ಅಕ್ಕ, ಎಲ್ಲಿ ಹೋಗುತ್ತೆ" ಅನ್ನುವುದು. ಆಮೇಲೆಯೇ ಚೀಲ ಕೆಳಗಿಡುವುದು, ನೀರು ಕುಡಿಯುವುದು, ಉಳಿದದ್ದೆಲ್ಲ. ಮದುವೆಯಾಗಿ ದೇಶ ಬಿಟ್ಟು ಹೋದ ಮೇಲೂ, ಬಂದಾಗಲೆಲ್ಲ ವಿಮಾನ ನಿಲ್ದಾಣದ ಜನಜಂಗುಳಿಯಲ್ಲೇ ಇದು ನಡೆಯುತ್ತಿತ್ತು. ನಾನು ಪಕ್ಕದಲ್ಲಿ ಟ್ರಾಲಿ ಹಿಡಿದುಕೊಂಡು ನಗುತ್ತಿದ್ದೆ.

ಇವಳ ಹತ್ತಿರ ಪಾಸ್‌ಪೋರ್ಟ್ ಇತ್ತು. ಅಕ್ಕ ಬಾ ಬಾ ಅಂತ ಪ್ರಾಣ ತಿಂದದ್ದಕ್ಕೆ ಹೋದ ವರ್ಷ ಮಾಡಿಸಿದ್ದೆವು. ನನಗೆ ಅದೂ ಇಲ್ಲ, ನಾನು ಹೋಗುವ ಮಾತೇ ಇರಲಿಲ್ಲ. ಪಕ್ಕದ ಅಂಗಡಿ ಟ್ರಾವೆಲ್ಸ್. ಅಲ್ಲಿ ಕೂರುವ ಹೆಂಗಸು ಕಂಪ್ಯೂಟರ್ ಕೆದಕಿ, ಬುಧವಾರ ಸಂಜೆಯ ವಿಮಾನದಲ್ಲಿ ಒಂದು ಸೀಟು ಹಿಡಿದುಕೊಟ್ಟಳು. ಗುರುವಾರ ಮಧ್ಯಾಹ್ನಕ್ಕೆಲ್ಲ ಅಕ್ಕನ ಹಾಸಿಗೆ ಪಕ್ಕದಲ್ಲಿರಬಹುದು.

"ವೀಸಾ ಬೇಡ ಅಲ್ಲಿಗೆ," ಅಂದಳು ಅವಳು. "ಆದ್ರೆ ಹೊರಡೋಕೆ ಮುಂಚೆ ಆನ್‌ಲೈನಲ್ಲಿ ಪ್ರಯಾಣದ ಅನುಮತಿ ತಗೋಬೇಕು. ಅದು ಇಲ್ದೆ ವಿಮಾನ ಹತ್ತೋಕೆ ಬಿಡಲ್ಲ. ಎಲ್ಲ ಸರಿಯಾಗಿದ್ರೆ ಹತ್ತು ನಿಮಿಷದಲ್ಲಿ ಬರುತ್ತೆ. ಎಲ್ಲಾದ್ರೂ ಸಂಶಯ ಬಂತು ಅಂದ್ರೆ ಮೂರು ದಿನ ಹಿಡಿಯುತ್ತೆ. ಕೂತ್ಕೊಳ್ಳಿ, ನಾನೇ ತುಂಬಿ ಕೊಡ್ತೀನಿ."

ಇವಳು ಕುರ್ಚಿ ಎಳೆದುಕೊಂಡೂ ಆಗಿತ್ತು. ನನಗೆ ಎಲ್ಲಿಲ್ಲದ ಪೌರುಷ ಬಂತು. "ಅರ್ಧ ಊರಿನ ಪಾಸ್‌ಪೋರ್ಟ್ ಫೋಟೋ ತೆಗೆದೋನು ನಾನು. ನನ್ನ ಹೆಂಡ್ತಿ ಅರ್ಜಿ ತುಂಬೋಕೆ ಪಕ್ಕದಂಗಡಿಗೆ ಬರ್ಬೇಕಾ? ನಡಿಯೇ," ಅಂದೆ.

ಟ್ರಾವೆಲ್ಸ್‌ನವಳು ನಕ್ಕಳು. "ಸರಿ ಸಾರ್, ನೀವೇ ಮಾಡಿ. ಆದ್ರೆ ಫೋಟೋಗೆ ಇಸ್ತ್ರಿ ಹಾಕ್ಬೇಡಿ ಮತ್ತೆ!"

ಕೇಳಿಸಿಕೊಂಡೆ. ಕೇಳಿಸಿಕೊಂಡೂ ತಮಾಷೆ ಅಂದುಕೊಂಡೆ. ನನ್ನಂಥ ಪೆದ್ದನನ್ನು ಎಲ್ಲಾದರೂ ಕಂಡಿದ್ದೀರಾ?

ಪರದೆಯ ಹಿಂದೆ ಇಬ್ಬರೂ ಕೂತೆವು. ಅರ್ಜಿ ಅಂದರೆ ಅರ್ಜಿಯಲ್ಲ ಅದು, ಪೊಲೀಸ್ ವಿಚಾರಣೆ. ಹುಟ್ಟಿದ ಊರು, ತಂದೆ, ತಾಯಿ, ಎಲ್ಲಿ ಇಳಿದುಕೊಳ್ಳುತ್ತೀರಿ, ಯಾಕೆ ಬರುತ್ತೀರಿ. ಒಂದೊಂದು ಪುಟ ತುಂಬಿ ಮುಂದೆ ಹೋದರೆ ಇನ್ನೊಂದು. ಯಾವುದಾದರೂ ಉಗ್ರರ ಸಂಘಟನೆಗೆ ಸೇರಿದ್ದೀರಾ? ಇಲ್ಲ. ನರಮೇಧದಲ್ಲಿ ಭಾಗವಹಿಸಿದ್ದೀರಾ?

"ಜಿರಳೆ ಲೆಕ್ಕಕ್ಕೆ ಬರುತ್ತಾ ಕೇಳಿ," ಅಂದಳು ಇವಳು. ಬೆಳಗಿನಿಂದ ಮೊದಲ ಸಲ ಮುಖದಲ್ಲಿ ನಗು ಕಂಡಿತು. ನನಗೂ ಜೀವ ಬಂದ ಹಾಗಾಯಿತು.

ಪಾಸ್‌ಪೋರ್ಟಿನ ಪುಟ ಸ್ಕ್ಯಾನ್ ಮಾಡಿ ಹಾಕಿದೆ. ಅದರಲ್ಲಿದ್ದದ್ದು ಪಾಸ್‌ಪೋರ್ಟ್ ಕಚೇರಿಯವರೇ ತೆಗೆದ ಫೋಟೋ. ಬೆಳಕಿನ ಗಂಧಗಾಳಿ ಇಲ್ಲದವರ ಕೆಲಸ. ನನ್ನ ಹೆಂಡತಿಯನ್ನು ಯಾವುದೋ ಕಳ್ಳತನದಲ್ಲಿ ಹಿಡಿದು ನಿಲ್ಲಿಸಿದ ಹಾಗೆ ತೆಗೆದಿದ್ದರು. ಆ ಫೋಟೋ ಬಂದ ದಿನವೇ ನಾನು ಸಿಡಿಮಿಡಿಗೊಂಡಿದ್ದೆ. ಈಗಿನ ಅರ್ಜಿಗೆ ಹೊಸ ಫೋಟೋ ಬೇಕಿತ್ತು. ಇವಳನ್ನು ಸ್ಟೂಲಿನ ಮೇಲೆ ಕೂರಿಸಿ, ಎರಡೂ ಲೈಟು ಹಾಕಿ, ಗದ್ದ ಸ್ವಲ್ಪ ಎತ್ತಿಸಿ ತೆಗೆದೆ. ಗಿರಾಕಿಯೊಬ್ಬರು ಬಂದರು ಅಂತ ಇವಳು ಕೌಂಟರಿಗೆ ಎದ್ದು ಹೋದಳು. ನಾನು ಕಂಪ್ಯೂಟರಿನಲ್ಲಿ ಫೋಟೋ ತೆರೆದೆ.

ಮುಂದಿನ ಐದು ನಿಮಿಷ ನಾನು ಏನು ಯೋಚಿಸುತ್ತಿದ್ದೆ ಎಂದು ಕೇಳಿದರೆ, ಅತ್ತಿಗೆಯ, ಅಂದರೆ ಇವಳ ಅಕ್ಕನ, ಆಪರೇಷನ್ ಬಗ್ಗೆ. ಇವಳು ಒಬ್ಬಳೇ ಅಷ್ಟು ದೂರ ಹೇಗೆ ಹೋಗುತ್ತಾಳೆ ಎಂಬುದರ ಬಗ್ಗೆ. ಕೈ ಮಾತ್ರ ತನ್ನ ಪಾಡಿಗೆ ತಾನು ಕೆಲಸ ಮಾಡುತ್ತಿತ್ತು. ಕಣ್ಣ ಕೆಳಗಿನ ಕಪ್ಪು ತೆಗೆಯಿತು. ಬಾಯಿಯ ಪಕ್ಕದ ಎರಡು ಗೆರೆ ತೆಗೆಯಿತು. ಎಡಹುಬ್ಬಿನ ಮೇಲೆ ಎರಡು ಸಲ ಓಡಾಡಿ ಹುಬ್ಬನ್ನು ಪೂರ್ತಿ ಮಾಡಿತು. ಸೇವ್ ಒತ್ತಿತು. ಮೂಲ ಫೋಟೋ ಬೇರೆ ಎತ್ತಿಡುವ ಅಭ್ಯಾಸ ನನಗೆ ಎಂದೂ ಇಲ್ಲ, ತೆಗೆದದ್ದರ ಮೇಲೆಯೇ ಕೆಲಸ ಮಾಡಿ ಮುಗಿಸುವವನು. ಅರ್ಜಿಗೆ ಹಾಕಿದೆ. ಕೊನೆಗೆ ಒಂದು ಚೌಕ. ‘ಫೋಟೋವನ್ನು ಯಾವ ರೀತಿಯಲ್ಲೂ ಬದಲಾಯಿಸಿಲ್ಲ, ಕೊಟ್ಟ ವಿವರವೆಲ್ಲ ನಿಜ’ ಅನ್ನುವ ಅರ್ಥದ ನಾಲ್ಕು ಸಾಲು. ಸರಿ ಗುರುತು ಒತ್ತಿದೆ. ಯಾರು ಓದುತ್ತಾರೆ ಅದನ್ನೆಲ್ಲ!

ಹತ್ತು ನಿಮಿಷ ಆಯಿತು, ಬರಲಿಲ್ಲ. ಮಧ್ಯಾಹ್ನವಾಯಿತು. ‘ಪರಿಶೀಲನೆಯಲ್ಲಿದೆ’ ಎಂಬ ಒಂದೇ ಸಾಲು. ಸಂಜೆಗೆ ಇವಳು ಕೌಂಟರ್ ಬಿಟ್ಟು ಮೂರನೇ ಸಲ ಪರದೆಯ ಒಳಗೆ ತಲೆ ಹಾಕಿದಳು.

"ಬಂತಾ?"

"ಬರುತ್ತೆ ಇರೇ. ಸರ್ಕಾರದ ಕೆಲಸ. ಅವರಿಗೇನು, ನಿನ್ನ ಹಾಗೆ ತುದಿಗಾಲಲ್ಲಿ ನಿಂತಿರ್ತಾರಾ?"

"ಟ್ರಾವೆಲ್ಸ್‌ನವಳು ಹತ್ತು ನಿಮಿಷ ಅಂದಿದ್ಲು."

"ಅವಳಿಗೇನು ಗೊತ್ತು!"

ಮಂಗಳವಾರವೂ ಹಾಗೇ ಕಳೆಯಿತು. ಇವಳು ಸೂಟ್‌ಕೇಸ್ ತುಂಬಿ ನಡುಮನೆಯ ಮಧ್ಯೆ ನಿಲ್ಲಿಸಿದ್ದಳು. ನಾವಿಬ್ಬರೂ ಅದನ್ನು ಸುತ್ತು ಹಾಕಿಕೊಂಡು ಓಡಾಡಿದೆವು. ಇವಳು ಊಟದ ತಟ್ಟೆಯ ಮುಂದೆ ಕೂತು ಎದ್ದಳೇ ಹೊರತು ಉಂಡದ್ದು ನಾನು ನೋಡಲಿಲ್ಲ. ನಾನು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಆ ಪುಟವನ್ನೇ ನೋಡುತ್ತಿದ್ದೆ. ಅವರು ಇಮೇಲ್ ಕಳಿಸಬಹುದು ಎಂದು ನನ್ನ ಬುರುಡೆಗೆ ಹೊಳೆಯಲೇ ಇಲ್ಲ. ಅರ್ಜಿಯಲ್ಲಿ ಕೊಟ್ಟದ್ದು ಸ್ಟುಡಿಯೋದ ಇಮೇಲ್. ಅದರಲ್ಲಿ ದಿನಕ್ಕೆ ನೂರು ಜನ ಪ್ರಿಂಟಿಗೆ ಅಂತ ತಮ್ಮ ಮಗುವಿನ ಫೋಟೋ, ನಾಯಿಯ ಫೋಟೋ ಕಳಿಸುತ್ತಿರುತ್ತಾರೆ.

ಬುಧವಾರ ಹನ್ನೊಂದು ಗಂಟೆಗೆ ಯಾರದೋ ಹುಟ್ಟುಹಬ್ಬದ ಫೋಟೋ ಹುಡುಕಲು ಇಮೇಲ್ ತೆರೆದೆ. ಅವುಗಳ ನಡುವೆ ಹಿಂದಿನ ದಿನ ಸಂಜೆ ಬಂದ ಒಂದು ಪತ್ರ. ‘ಅರ್ಜಿಯ ಫೋಟೋದಲ್ಲಿರುವ ಮುಖವೂ ಪಾಸ್‌ಪೋರ್ಟಿನಲ್ಲಿರುವ ಮುಖವೂ ಹೊಂದುತ್ತಿಲ್ಲ. ಇದೇ ವ್ಯಕ್ತಿ ಎಂದು ಖಚಿತಪಡಿಸಲು ನಮಗೆ ಸಾಧ್ಯವಾಗಿಲ್ಲ. ತಿದ್ದದ ಹೊಸ ಫೋಟೋ ಕಳಿಸಿ. ಅದರ ನಂತರ ಪರಿಶೀಲನೆಗೆ ಮೂರು ದಿನಗಳವರೆಗೆ ಬೇಕಾಗಬಹುದು.’

ಏನಾಯಿತು, ಯಾಕಾಯಿತು ಅಂತ ಒಂದು ಕ್ಷಣವೂ ಯೋಚಿಸಬೇಕಾಗಲಿಲ್ಲ. ನನ್ನ ಕೈ ನನಗೆ ಗೊತ್ತಿಲ್ಲವೇ?

ಇಲ್ಲಿ ನಾನು ಮಾಡಿದ್ದನ್ನು ಹೇಳಲು ನಾಚಿಕೆಯಾಗುತ್ತದೆ. ಎದ್ದು, ಪರದೆ ಸರಿಸಿ, "ಇವಳೇ, ಹೀಗಾಗಿಬಿಟ್ಟಿದೆ, ಬಾ ಇನ್ನೊಂದು ಫೋಟೋ ತೆಗೀತೀನಿ" ಅನ್ನಬೇಕಿತ್ತು. ಎರಡು ನಿಮಿಷದ ಕೆಲಸ. ಅನ್ನಲಿಲ್ಲ. ಹೊಸ ಫೋಟೋ ಯಾಕೆ ಅಂತ ಕೇಳುತ್ತಾಳೆ, ಕೇಳಿದರೆ ಹೇಳಬೇಕು, ಹೇಳಿದರೆ ನನ್ನ ಮುಖ ಎಲ್ಲಿಡುವುದು? ಅಳಿಸಿದ ಕೈಗೆ ಬರೆಯುವುದು ಯಾವ ಮಹಾ ಕೆಲಸ ಅಂದುಕೊಂಡೆ. ಅದೇ ಫೋಟೋ ತೆರೆದು, ಕುಂಚ ಸಣ್ಣದು ಮಾಡಿಕೊಂಡು, ಇವಳ ಹುಬ್ಬಿನ ಮೇಲೆ ಗಾಯದ ಗೆರೆ ಬರೆಯಲು ಕೂತೆ.

ಬರಲಿಲ್ಲ. ಮೊದಲು ಹುಬ್ಬಿನ ನಡುವೆ ಎಳೆದೆ. ಅದಲ್ಲ ಅನ್ನಿಸಿತು. ಮೂಗಿನ ಕಡೆ ಸರಿಸಿದೆ. ಅದೂ ಅಲ್ಲ. ನೆಟ್ಟಗಿತ್ತೇ, ಬಾಗಿತ್ತೇ? ಹುಬ್ಬಿನ ಮೇಲಕ್ಕೂ ಹೋಗುತ್ತಿತ್ತೇ, ಕೆಳಗೆ ರೆಪ್ಪೆಯವರೆಗೂ ಬರುತ್ತಿತ್ತೇ? ಪಾಸ್‌ಪೋರ್ಟಿನ ಫೋಟೋ ನೋಡೋಣವೆಂದರೆ ಅದು ಹೆಬ್ಬೆರಳಿನಷ್ಟೇ ಚಿಕ್ಕದು, ದೊಡ್ಡದು ಮಾಡಿದರೆ ಬರೀ ಚುಕ್ಕಿ ಚುಕ್ಕಿ. ಮೂವತ್ತೊಂದು ವರ್ಷ ಒಂದೇ ಸೂರಿನ ಕೆಳಗೆ, ಒಂದೇ ಅಂಗಡಿಯಲ್ಲಿ ಇದ್ದವಳ ಮುಖ. ಅಷ್ಟು ವರ್ಷದಲ್ಲಿ ನಾನು ಆ ಗೆರೆಯನ್ನು ನೋಡಿದ್ದು ಅಳಿಸಲಿಕ್ಕೆ ಮಾತ್ರ. ಗಡಿಯಾರ ಹನ್ನೆರಡೂವರೆ ತೋರಿಸುತ್ತಿತ್ತು. ಬರೆದ ಗೆರೆ ಯಾರೋ ಪೆನ್ನಿನಲ್ಲಿ ಗೀಚಿದ ಹಾಗಿತ್ತು. ಪರದೆಯ ಸಂದಿಯಿಂದ ಕೌಂಟರಿನ ಕಡೆ ನೋಡಿದೆ. ಇವಳು ಬಲಗಡೆಗೆ ತಿರುಗಿ ಕೂತಿದ್ದಳು, ಎಡಹುಬ್ಬು ಕಾಣುತ್ತಿರಲಿಲ್ಲ. ಕದ್ದು ನೋಡಲು ಹೋಗಿ ಅದೂ ದಕ್ಕಲಿಲ್ಲ.

ಮೌಸ್ ಬಿಟ್ಟು ಎದ್ದೆ. ಹೊರಗೆ ಬಂದು ನಿಂತೆ.

"ಬಂತಾ?" ಅಂದಳು, ಮುಖ ಅರಳಿಸಿ.

"ಫೋಟೋ ಹೊಂದ್ತಿಲ್ವಂತೆ. ಹೊಸದು ಬೇಕಂತೆ."

"ಯಾಕೆ ಹೊಂದಲ್ಲ? ನೀವೇ ತೆಗೆದದ್ದಲ್ವಾ?"

"ಹುಬ್ಬಿನ ಗಾಯ ತೆಗೆದುಬಿಟ್ಟಿದ್ದೆ. ಬೇಕೂಂತ ಅಲ್ಲ ಕಣೇ. ಕೈ ತಾನಾಗೇ ಹೋಯ್ತು."

ಇವಳು ಕೈಯಲ್ಲಿದ್ದ ಕವರುಗಳನ್ನು ನಿಧಾನವಾಗಿ ಜೋಡಿಸಿ ಡ್ರಾಯರಿಗೆ ಹಾಕಿದಳು. ಆಮೇಲೆ ಕೇಳಿದಳು, "ಅವರು ಯಾವಾಗ ಹೇಳಿದ್ದು?"

"ನಿನ್ನೆ ಸಂಜೆ ಬಂದಿತ್ತು. ನಾನು ನೋಡಿದ್ದು ಇವತ್ತು ಹನ್ನೊಂದಕ್ಕೆ."

ಇವಳು ಗೋಡೆಯ ಗಡಿಯಾರ ನೋಡಿದಳು. "ಹನ್ನೊಂದರಿಂದ ಇಲ್ಲೀವರೆಗೆ ಏನ್ ಮಾಡ್ತಿದ್ರಿ?"

ಸುಳ್ಳು ಹೇಳಬಹುದಿತ್ತು. ನಾಲಿಗೆಯ ತುದಿಗೆ ಎರಡು ಮೂರು ಬಂದೂ ಇದ್ದವು. "ಗಾಯ ಬರೀತಿದ್ದೆ," ಅಂದೆ. "ನಿನಗೆ ಗೊತ್ತಾಗದ ಹಾಗೆ ಮುಗಿಸೋಣ ಅಂತ. ಬರಲಿಲ್ಲ. ಎಲ್ಲಿದೆ ಅಂತ ನೆನಪಾಗ್ಲಿಲ್ಲ."

ಇವಳು ನಕ್ಕಳು. ಆ ನಗು ಕೇಳುವುದಕ್ಕಿಂತ ನಾಲ್ಕು ಬೈಗುಳ ತಿಂದಿದ್ದರೆ ಮೇಲಿತ್ತು.

"ಮೂವತ್ತೊಂದು ವರ್ಷ ಅಳಿಸಿ, ಈಗ ಬರೆಯೋಕೆ ಕೂತ್ರಾ?"

"ನೀನೂ ಒಂದು ಸಲ ಹೇಳಲಿಲ್ವಲ್ಲೇ, ಬೇಡ ಅಂತ."

"ಹೇಳಿದ್ರೆ ಏನಂತೀರಿ ನಂಗೊತ್ತಿತ್ತು. ‘ನೀನು ಚೆನ್ನಾಗಿ ಕಾಣ್ಲಿ ಅಂತ ಮಾಡ್ದೆ’ ಅಂತೀರಿ. ಆ ಮಾತು ನಿಮ್ಮ ಬಾಯಲ್ಲಿ ಕೇಳೋಕೆ ಇಷ್ಟ ಇರ್ಲಿಲ್ಲ. ಅದಕ್ಕೇ ಸುಮ್ಮನಿದ್ದೆ. ನಮ್ಮ ಮದುವೆ ಫೋಟೋ ನೋಡಿ ಅಕ್ಕ ಏನು ಕೇಳಿದ್ಲು ಗೊತ್ತಾ? ‘ನಿನ್ನ ಗಂಡನಿಗೆ ಅದು ಅಸಹ್ಯ ಅನ್ಸುತ್ತೇನೇ? ನನ್ನಿಂದ ಆಗಿದ್ದಲ್ವಾ’ ಅಂತ ಅತ್ತುಬಿಟ್ಲು. ಇಲ್ಲ ಅಕ್ಕ, ಅವರದ್ದು ಕೈಚಾಳಿ, ಕತ್ತೆ ಬಂದು ಕೂತ್ರೂ ನುಣ್ಣಗೆ ಮಾಡಿ ಕಳಿಸ್ತಾರೆ ಅಂತ ನಗಿಸ್ದೆ. ಪ್ರತಿ ಫೋಟೋಗೂ ನಾನು ಹೀಗೇ ಏನೋ ಒಂದು ಹೇಳ್ತಾ ಬಂದಿದೀನಿ ರೀ. ಮೂವತ್ತೊಂದು ವರ್ಷ."

ನನಗೆ ಆಗ ನೆನಪಾಯಿತು. ನಾಲ್ಕು ವರ್ಷದ ಹಿಂದೆ ಅತ್ತಿಗೆ ಬಂದಿದ್ದಾಗ ಅಕ್ಕತಂಗಿಯರನ್ನು ಜೊತೆಗೆ ಕೂರಿಸಿ ಒಂದು ದೊಡ್ಡ ಫೋಟೋ ತೆಗೆದು, ಕಟ್ಟು ಹಾಕಿಸಿ ಕೊಟ್ಟಿದ್ದೆ. ಇಬ್ಬರೂ ಕಾಲೇಜು ಹುಡುಗಿಯರ ಹಾಗೆ ಕಾಣುತ್ತಿದ್ದರು. ಅತ್ತಿಗೆ ಬಹಳ ಹೊತ್ತು ನೋಡಿ, "ಏನ್ರೀ, ನನ್ನ ಕೈಕೆಲಸಾನೇ ಅಳಿಸಿಬಿಟ್ರಲ್ಲ!" ಅಂದಿದ್ದರು. ನಾನು ಅದನ್ನು ಮೆಚ್ಚುಗೆ ಅಂದುಕೊಂಡು ಹಲ್ಲು ಕಿರಿದಿದ್ದೆ.

ಇವಳು ಎದ್ದು ಹೋಗಿ ತಾನೇ ಸ್ಟೂಲಿನ ಮೇಲೆ ಕೂತಳು. "ತೆಗೀರಿ," ಅಂದಳು. ಕಣ್ಣು ಒರೆಸಿಕೊಳ್ಳಲಿಲ್ಲ, ಕೂದಲು ಸರಿ ಮಾಡಿಕೊಳ್ಳಲಿಲ್ಲ. ನಾನು ಒಂದೇ ಲೈಟು ಹಾಕಿ ತೆಗೆದೆ. ಕಂಪ್ಯೂಟರಿನ ಮುಂದೆ ನಾನು ಕೂತಾಗ ನನ್ನ ಬೆನ್ನ ಹಿಂದೆಯೇ ನಿಂತು, ಫೋಟೋ ಹೋಗುವವರೆಗೂ ನನ್ನ ಕೈಯನ್ನೇ ನೋಡುತ್ತಿದ್ದಳು. ಹೊತ್ತು ಒಂದು ಗಂಟೆ.

ಬುಧವಾರ ಸಂಜೆಯ ವಿಮಾನ ಇವಳನ್ನು ಬಿಟ್ಟು ಹೋಯಿತು. ಟ್ರಾವೆಲ್ಸ್‌ನವಳು ಟಿಕೆಟ್ ಶನಿವಾರಕ್ಕೆ ಬದಲಾಯಿಸಿಕೊಟ್ಟಳು. ಏನಾಯಿತು ಅಂತ ಕೇಳಿದಳು. ನಾನು ಹೇಳಿದೆ. ಪುಣ್ಯಾತ್ಗಿತ್ತಿ, ತುಟಿ ಪಿಟಕ್ಕೆನ್ನಲಿಲ್ಲ.

ಗುರುವಾರ ಮಧ್ಯಾಹ್ನ ಷಡ್ಡಕರು ಅತ್ತಿಗೆಯ ಕಿವಿಗೆ ಫೋನ್ ಇಟ್ಟರು. ಇವಳು ಸ್ಪೀಕರ್ ಹಾಕಿ ಕೌಂಟರಿನ ಮೇಲೆ ಇಟ್ಟಳು. ನಾನು ಪರದೆಯ ಹಿಂದೆ ಬಾಲ ಸುಟ್ಟ ಬೆಕ್ಕಿನ ಹಾಗೆ ಅತ್ತಿಂದಿತ್ತ ಸುತ್ತುತ್ತಿದ್ದೆ.

"ಎಲ್ಲಿದೀಯೇ? ಇಳಿದ್ಯಾ?" ಅತ್ತಿಗೆಯ ಧ್ವನಿ.

"ಇಲ್ಲ ಅಕ್ಕ. ಅನುಮತಿ ಬಂದಿಲ್ಲ ಇನ್ನೂ. ಏನೋ... ಕಂಪ್ಯೂಟರ್ ತೊಂದರೆಯಂತೆ."

ಅಲ್ಲೂ ನನ್ನನ್ನು ಬಿಟ್ಟುಕೊಡಲಿಲ್ಲ. ನನಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು.

"ಹೋಗ್ಲಿ ಬಿಡು," ಅಂದರು ಅತ್ತಿಗೆ. "ಹೆದರಿಕೆ ಆಗ್ತಿದೆ ಕಣೇ. ಸಾಯೋದಕ್ಕಲ್ಲ. ಎದ್ದಾಗ ನೀನು ಎದುರಿಗೆ ನಿಂತು, ನಾನು ‘ನೀವ್ಯಾರಮ್ಮಾ’ ಅಂದ್ಬಿಟ್ರೆ ಏನ್ ಮಾಡ್ತೀಯಾ?"

"ಕಪಾಳಕ್ಕೆ ಒಂದು ಬಿಡ್ತೀನಿ. ತಾನಾಗೇ ನೆನಪಾಗುತ್ತೆ."

ಇಬ್ಬರೂ ನಕ್ಕರು, ಅತ್ತರು, ಮತ್ತೆ ನಕ್ಕರು. "ಇದೆಯೇನೇ?" ಅಂತ ಕೇಳಿದರು ಅತ್ತಿಗೆ. ಇವಳು "ಇದೆ ಅಕ್ಕ, ಎಲ್ಲಿ ಹೋಗುತ್ತೆ," ಅಂದಳು. ಫೋನ್ ಇಟ್ಟ ಮೇಲೆ ಬಹಳ ಹೊತ್ತು ಕೌಂಟರಿನ ಗಾಜಿನ ಮೇಲೆ ಹಣೆ ಇಟ್ಟುಕೊಂಡು ಕೂತಿದ್ದಳು. ಹತ್ತಿರ ಹೋಗುವ ಧೈರ್ಯ ನನಗೆ ಬರಲಿಲ್ಲ.

ಶುಕ್ರವಾರ ಬೆಳಿಗ್ಗೆ ಆಪರೇಷನ್ ಆಯಿತು. ಅವತ್ತೇ ಸಂಜೆ ಐದಕ್ಕೆ ಅನುಮತಿ ಬಂತು, ಒಂದೇ ಒಂದು ಸಾಲಿನಲ್ಲಿ. ಅದರ ಪ್ರಿಂಟ್ ತೆಗೆದು ಕೊಟ್ಟೆ. ಇವಳು ಓದದೆ ಮಡಚಿ ಪಾಸ್‌ಪೋರ್ಟಿನೊಳಗೆ ಇಟ್ಟುಕೊಂಡಳು. ಶನಿವಾರ ಇವಳನ್ನು ವಿಮಾನ ನಿಲ್ದಾಣಕ್ಕೆ ಬಿಡಲು ಹೋದೆ. ದಾರಿಯಲ್ಲಿ ಮೂರು ಸಲ "ತಪ್ಪಾಯ್ತು" ಅನ್ನಲು ಬಾಯಿ ತೆರೆದೆ. ಮೂರನೇ ಸಲ ಇವಳೇ, "ಫ್ರಿಜ್ಜಿನಲ್ಲಿ ಸಾರಿದೆ, ಬಿಸಿ ಮಾಡ್ಕೊಳ್ಳಿ," ಅಂದಳು.

ಭಾನುವಾರ ಮಧ್ಯಾಹ್ನ ಅಲ್ಲಿಂದ ಫೋನ್ ಬಂದಾಗ ನಾನು ಇವಳ ಕುರ್ಚಿಯಲ್ಲಿ ಕೂತಿದ್ದೆ.

"ಅಕ್ಕನಿಗೆ ಮತ್ತೆ ಕಣ್ಣು ಕಾಣ್ತಿದೆ ರೀ. ಎಲ್ಲ ಸ್ಪಷ್ಟವಾಗಿ ಕಾಣುತ್ತಂತೆ."

"ಅಬ್ಬಾ! ಬದುಕಿದೆ. ಮಾತು?"

"ಮಾತಿಲ್ಲ. ಸಿಸ್ಟರಮ್ಮ ಹೇಳಿದ್ದು ಅರ್ಥ ಆಗುತ್ತೆ, ಕೈ ಎತ್ತು ಅಂದ್ರೆ ಎತ್ತುತ್ತಾಳೆ. ಆದ್ರೆ ಯಾರು ಏನು ಅಂತ ಗೊತ್ತಾಗಲ್ಲ. ಭಾವನ್ನೇ ಬಂದೋರು ಹೋದೋರನ್ನ ನೋಡೋ ಹಾಗೆ ನೋಡ್ತಾಳೆ." ಇವಳು ತಡೆದು ತಡೆದು ಹೇಳುತ್ತಿದ್ದಳು. "ಮನೆಯವರ ಫೋಟೋ ತೋರಿಸ್ತಾ ಇರಿ, ನೆನಪಿಗೆ ಒಳ್ಳೇದು ಅಂತ ಡಾಕ್ಟರು ಹೇಳಿದ್ರಂತೆ. ಭಾವ ನೀವು ಮಾಡಿಕೊಟ್ಟ ಆ ದೊಡ್ಡ ಫೋಟೋನೇ ತಂದು ಮಂಚದ ಪಕ್ಕ ಇಟ್ಟಿದಾರೆ. ‘ನಿನ್ನ ತಂಗಿ, ಬರ್ತಿದಾಳೆ, ನಿನ್ನ ತಂಗಿ’ ಅಂತ ನಿನ್ನೆಯಿಂದ ತೋರಿಸಿ ತೋರಿಸಿ ಹೇಳಿಕೊಟ್ಟಿದಾರೆ. ನಾನು ಒಳಗೆ ಹೋಗಿ ನಿಂತೆ ರೀ. ನನ್ನನ್ನ ನೋಡಿದ್ಲು. ಫೋಟೋ ನೋಡಿದ್ಲು. ಮತ್ತೆ ನನ್ನನ್ನ ನೋಡಿದ್ಲು, ಈ ಹುಬ್ಬನ್ನೇ ನೋಡಿದ್ಲು. ಆಮೇಲೆ ಭಾವನ ಕಡೆ ತಿರುಗಿ ತಲೆ ಅಲ್ಲಾಡಿಸಿದ್ಲು. ಇವಳಲ್ಲ ಅಂತ."

ಹೊಂದುತ್ತಿಲ್ಲ. ಇದೇ ವ್ಯಕ್ತಿ ಎಂದು ಖಚಿತಪಡಿಸಲು ಸಾಧ್ಯವಾಗಿಲ್ಲ. ನಾನು ಕೌಂಟರಿನ ಅಂಚು ಹಿಡಿದುಕೊಂಡೆ. ನಾನು ಅತ್ತೆ.

"ಅಳ್ಬೇಡಿ," ಅಂದಳು ಇವಳು, ಮೃದುವಾಗಿಯೇನಲ್ಲ. "ಕೇಳಿ ಇಲ್ಲಿ. ನಾನು ಅವಳ ಕೈ ಹಿಡ್ಕೊಂಡು, ಹೆಬ್ಬೆರಳನ್ನ ತಂದು ಹುಬ್ಬಿನ ಮೇಲೆ ಇಟ್ಕೊಂಡೆ. ‘ಇದೆ ಅಕ್ಕ’ ಅಂದೆ."

"ಏನ್ ಮಾಡಿದ್ರು?"

"ಗುರುತು ಸಿಕ್ತು ಅಂತ ನಾನು ಹೇಳಲ್ಲ. ಆದ್ರೆ ಬೆರಳು ತೆಗೀಲಿಲ್ಲ ರೀ. ಆ ಗೆರೆ ಮೇಲೇ ಹಿಂದಕ್ಕೂ ಮುಂದಕ್ಕೂ ಓಡಾಡಿಸ್ತಾನೇ ಇದ್ಲು, ಕಣ್ಣಿಗೆ ನಿದ್ದೆ ಹತ್ತೋವರೆಗೂ." ಇವಳು ಮೂಗು ಒರೆಸಿಕೊಂಡ ಸದ್ದು ಕೇಳಿಸಿತು. "ಬುಧವಾರ ತೆಗೆದ್ರಲ್ಲ, ಎರಡನೇ ಫೋಟೋ, ಅದನ್ನ ಕಳಿಸಿ. ಭಾವ ಇಲ್ಲೇ ದೊಡ್ಡದು ಮಾಡಿಸ್ತಾರೆ. ಆ ಹಳೇದನ್ನ ಇಲ್ಲಿಂದ ತೆಗೆಸ್ತೀನಿ."

ಫೋನ್ ಹಾಗೇ ಹಿಡಿದುಕೊಂಡು ಪರದೆಯ ಹಿಂದೆ ಹೋಗಿ ಫೋಟೋ ತೆರೆದೆ. ಕೆಂಪಗಿನ ಕಣ್ಣು, ಕೆದರಿದ ಕೂದಲು, ನನ್ನ ಮೇಲಿನ ಸಿಟ್ಟು ಪೂರ್ತಿ ಅದರಲ್ಲಿತ್ತು. ಹುಬ್ಬನ್ನು ದೊಡ್ಡದು ಮಾಡಿ ನೋಡಿದೆ. ಗೆರೆ ಕಿವಿಯ ಕಡೆಯ ತುದಿಗೆ ಹತ್ತಿರ ಇದೆ. 'ಮೇಲಿಂದ ನೆಟ್ಟಗೆ ಇಳಿದು, ಕೂದಲನ್ನು ಎರಡು ಪಾಲು ಮಾಡಿ, ರೆಪ್ಪೆಯ ಮೇಲೆ ಬಂದು ಒಳಕ್ಕೆ ಬಾಗುತ್ತದೆ,' ಅಂತ ಮನಸ್ಸಿನಲ್ಲೇ ಪಾಠದ ಹಾಗೆ ಹೇಳಿಕೊಂಡೆ. ನಾನು ಬರೆದದ್ದೆಲ್ಲ ತಪ್ಪಾಗಿತ್ತು.

"ಕಳಿಸಿದ್ರಾ?"

"ಕಳಿಸ್ದೆ."

"ಏನೂ ಮುಟ್ಟಿಲ್ಲ ತಾನೇ?"

"ಇಲ್ಲ ಕಣೇ. ಆಣೆಗೂ ಮುಟ್ಟಿಲ್ಲ."

ಇವಳು ಫೋಟೋ ತನ್ನ ಫೋನಿನಲ್ಲಿ ತೆರೆಯುವವರೆಗೂ ಕಾದು, ಹುಬ್ಬನ್ನು ನೋಡಿಕೊಂಡ ಮೇಲೆಯೇ ಫೋನ್ ಇಟ್ಟಳು.